ಮ್ಯಾಲ ತರೋ ಕೆಲಸ

ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂದು ಯಾರಿಗಾದರೂ ವಿವರಿಸಲು ಹೋದಾಗಲೆಲ್ಲ ಏನಾದರೊಂದು ಪ್ರಸಂಗ ನಡೆದೇ ನಡೆಯುತ್ತದೆ. ವಿವರಿಸದೆ ಸುಮ್ಮನಿದ್ದರೆ ಇನ್ನೂ ದೊಡ್ಡದು ನಡೆಯುತ್ತದೆ.

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ ನನ್ನ ಅಂಗಡಿ. ಮೂಲದಲ್ಲಿ ಅದು ಲಗ್ನಪತ್ರಿಕೆಯ ಪ್ರೆಸ್ಸು. ಮಂದಿ ಮೊಬೈಲಿನಲ್ಲೇ ಕರೆಯೋಲೆ ಕಳಿಸಲು ಶುರು ಮಾಡಿದ ಮೇಲೆ ಅರ್ಧ ಕೈ ಖಾಲಿಯಾಯಿತು. ಆಗ ವೆಬ್‌ಸೈಟು ಮಾಡುವುದನ್ನು ಕಲಿತೆ. ಮಾಡಿದ ವೆಬ್‌ಸೈಟು ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದು ಗಿರಾಕಿಗಳು ಜಗಳಕ್ಕೆ ಬಂದಾಗ, ಹುಡುಕುವವರ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ಏರಿಸುವುದನ್ನೂ ಕಲಿತೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂರಕ್ಷರದ ಭಾರೀ ಹೆಸರಿದೆ. ನಮ್ಮ ಕಡೆ 'ಮ್ಯಾಲ ತರೋ ಕೆಲಸ' ಎನ್ನುತ್ತಾರೆ. ಬೋರ್ಡು ಬದಲಿಸಿ ಏಳೆಂಟು ವರ್ಷವಾದರೂ ಊರಿಗೆಲ್ಲ ನಾನು ಇವತ್ತಿಗೂ 'ಪ್ರೆಸ್ಸಿನವರು'.

ಮೇಲೆ ಕೆಳಗೆ ಅಂದರೆ ಏನೆಂದು ನಮ್ಮ ಮಂದಿಗೆ ಪಾಠ ಹೇಳಬೇಕಾಗಿಲ್ಲ. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರಿನ ಕೆಳಗೆ ಬರಬೇಕಾದ ಸೋದರಮಾವನ ಹೆಸರು ಒಂದು ಸಾಲು ಮೇಲೆ ಬಂತೆಂದು ಇಡೀ ಕಟ್ಟನ್ನು ವಾಪಸು ತಂದು ನನ್ನ ಮೇಜಿನ ಮೇಲೆ ಕುಕ್ಕಿದವರಿದ್ದಾರೆ. ಹಾಗಾಗಿ ಪಟ್ಟಿಯಲ್ಲಿ ಮೊದಲು ಬರುವ ಆಸೆ ಎಲ್ಲರಿಗೂ ಇದೆ. ಅದು ಹೇಗೆ ಆಗುತ್ತದೆ ಎಂಬುದು ಮಾತ್ರ ಯಾರಿಗೂ ಬೇಡ.

ನನ್ನದೂ ಒಂದು ವೆಬ್‌ಸೈಟಿದೆ. ಅದು ಯಾವ ಕಾಲಕ್ಕೂ ಮೇಲೆ ಬಂದಿರಲಿಲ್ಲ. ಪ್ರತಿ ದೀಪಾವಳಿಗೆ ನನ್ನ ಹೆಂಡತಿ ಅಂಗಡಿಗೆ ಬಂದು, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ತನ್ನ ಫೋನಿನಲ್ಲಿ ನಮ್ಮ ಅಂಗಡಿಯನ್ನು ಹುಡುಕುತ್ತಾಳೆ.

"ಮಂದೀನ್ನೆಲ್ಲ ಮ್ಯಾಲ ತರ್ತೀರಿ, ನಮ್ಮದ ಎಲ್ಲಿ ಐತ್ರಿ?"

"ಬರತೈತಿ ತಡಿ, ಟೈಮ್ ಹಿಡೀತೈತಿ."

"ಹೋದ ವರ್ಷನೂ ಇದನ್ನ ಅಂದಿದ್ರಿ," ಎಂದು ಕಾಯಿ ಒಡೆಯುತ್ತಾಳೆ.

೧. ಕಾಕಾರ ಫೋನು

ಶಿರಗುಪ್ಪಿಯ ಕಾಕಾ ಒಬ್ಬರಿದ್ದಾರೆ. ಊರಿನ ಕಬ್ಬೆಲ್ಲ ಫ್ಯಾಕ್ಟರಿ ಕಡೆ ಮುಖ ಮಾಡಿ ಹೊರಟರೆ ಇವರು ಒಂದು ಪಾಲನ್ನು ಉಳಿಸಿಕೊಂಡು ತಮ್ಮದೇ ಗಾಣದಲ್ಲಿ ಬೆಲ್ಲ ಮಾಡುತ್ತಾರೆ. ಬಿಳಿ ಟೊಪಿಗೆ, ಬಿಳಿ ಧೋತರ, ಬೆಲ್ಲ ಮಾತ್ರ ಕಪ್ಪು. ಔಷಧ ಹಾಕಿ ಬಣ್ಣ ಬರಿಸುವುದಿಲ್ಲ ಎಂಬ ಹಟ. ಅವರಿಗೆ ವೆಬ್‌ಸೈಟು ಮಾಡಿಕೊಟ್ಟ ದಿನದಿಂದ ಬೆಳಗಿನ ಚಹಾದ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. "ಪ್ರೆಸ್ಸಿನವರ, ಇವತ್ತ ಎಷ್ಟನೇದು?"

ಒಂದು ದಿನ ಫೋನು ಬರಲಿಲ್ಲ, ಕಾಕಾ ತಾವೇ ಬಂದರು. ಕೈಯಲ್ಲಿ ಒಂದು ಪೆಂಟಿ ಬೆಲ್ಲ. "ಮೊದಲನೇದ ಬಂದೇನ್ರಿ" ಎಂದು ಫೋನು ತೋರಿಸಿದರು. ಶಿರಗುಪ್ಪಿ ಬೆಲ್ಲ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಅವರದೇ ಹೆಸರು. ನನಗೇ ಆಶ್ಚರ್ಯವಾಯಿತು. ಅವರಿಗೆ ಕಾಣದ ಹಾಗೆ ನನ್ನ ಫೋನಿನಲ್ಲಿ ಹುಡುಕಿದೆ. ನಾಲ್ಕನೇ ಪುಟ.

ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾಕಾ ದಿನಕ್ಕೆ ಹತ್ತು ಹದಿನೈದು ಸಲ ತಮ್ಮ ಬೆಲ್ಲವನ್ನು ತಾವೇ ಹುಡುಕಿ ತಾವೇ ಒತ್ತುತ್ತಿದ್ದರು. ಮಾಲೀಕನಿಗೆ ಏನು ಇಷ್ಟ ಎಂಬುದನ್ನು ಫೋನು ಕಲಿತುಕೊಂಡು, ಅವರಿಗೆ ಮಾತ್ರ ಅದನ್ನೇ ಮೊದಲು ತೋರಿಸುತ್ತಿತ್ತು. ಇದನ್ನು ಅಲ್ಲೇ ಹೇಳಬೇಕಿತ್ತು. ಆದರೆ ಅಷ್ಟರಲ್ಲಿ ಅವರು ಪೆಂಟಿ ಒಡೆದು ನನ್ನ ಬಾಯಿಗೆ ಒಂದು ತುಂಡು ಹಾಕಿ, "ನಿಮ್ಮ ಕೈಗುಣ ದೊಡ್ಡದ್ರಿ" ಎಂದುಬಿಟ್ಟರು. ಬಾಯಲ್ಲಿ ಬೆಲ್ಲ ಇರುವಾಗ ಸತ್ಯ ಹೇಳುವುದು ಕಷ್ಟ.

ಮರುದಿನ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಬೆಲ್ಲ ಮುಗಿದಿರಲಿಲ್ಲ.

೨. ಭೋಜದಲ್ಲಿ ಆರಿದ ಚಹಾ

ಈ ನಡುವೆ ಕಾಕಾರ ಮಗಳಿಗೆ ನಿಪ್ಪಾಣಿ ಕಡೆಯ ಭೋಜದಲ್ಲಿ ಒಳ್ಳೆಯ ಸಂಬಂಧ ಕೂಡಿಬಂತು. ಮಾತುಕತೆಗೆ ಹೋದರು, ಮಾತು ಮುಗಿಯಿತು, ಲಗ್ನ ಗಟ್ಟಿಯಾಯಿತು, ಚಹಾ ಬಂತು. ಅಲ್ಲಿಗೆ ಎದ್ದು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಸಂತೋಷದ ಭರದಲ್ಲಿ ಕಾಕಾ ಹೊಸ ಬೀಗರ ಮುಂದೆ ಅಂದರು: "ನಮ್ಮ ಬೆಲ್ಲ ನೆಟ್‌ನ್ಯಾಗ ಮೊದಲನೇದ ಐತ್ರಿ. ನೀವ ಬೇಕಾದ್ರ ನೋಡ್ರಿ."

ಬೀಗರು ಮರ್ಯಾದಸ್ಥರು. ನೋಡಿ ಅಂದ ಮೇಲೆ ನೋಡದಿದ್ದರೆ ತಪ್ಪಾಗುತ್ತದೆ ಎಂದು ಕನ್ನಡಕ ಹಾಕಿಕೊಂಡು ಫೋನು ತೆಗೆದರು. ಹುಡುಕಿದರು. ಬೆರಳಿನಿಂದ ಕೆಳಗೆ ಸರಿಸಿದರು. ಮತ್ತೂ ಸರಿಸಿದರು. ಎರಡನೇ ಪುಟಕ್ಕೆ ಹೋದರು. ಕಾಕಾರ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಬೀಗರು ಫೋನನ್ನು ಮುಖ ಕೆಳಗಾಗಿ ಇಟ್ಟು, ಮೆಲ್ಲಗೆ ಅಂದರು:

"ಆತು ಬಿಡ್ರಿ, ಎಲ್ಲೋ ಕೆಳಗ ಇರತೈತಿ."

ಬೀಗಿತ್ತಿಯೂ ಮರಾಠಿಯಲ್ಲಿ ಸಮಾಧಾನ ಮಾಡಿದರಂತೆ. "ಅಸೂ ದ್ಯಾ, ಚಹಾ ಘ್ಯಾ." ಇರಲಿ ಬಿಡಿ, ಚಹಾ ತೆಗೆದುಕೊಳ್ಳಿ ಎಂದು.

ಮರುದಿನ ಕಾಕಾ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಇದಿಷ್ಟನ್ನೂ ಹೇಳಿದರು. "ಅವ್ರ ನಕ್ಕಿದ್ರ ಚಲೋ ಇತ್ತ್ರಿ. ನಗಲಿಲ್ಲ. ನನ್ನ ಮಾತ ಸುಳ್ಳ ಆತು. ನಾಳೆ ನನ್ನ ಮಗಳ ಅದ ಮನ್ಯಾಗ ಬಾಳ್ವೆ ಮಾಡಾಕಿ. ಅಪ್ಪ ಬಡಾಯಿ ಕೊಚ್ಚಾವ ಅನ್ನೋದು ಆಕಿ ಬೆನ್ನ ಹಿಂದ ಹೋಗಬಾರದು. ಲಗ್ನದ ದಿನ ಅದ ಮನಿಶ್ಯಾ ಅದ ಫೋನ್ ತಗದ್ರ ನಾ ಮೊದಲ ಬರಬೇಕು."

ನನಗೆ ನಾಚಿಕೆಯಾಯಿತು. ಫೋನು ಮಾಡಿದ ಮೋಸವನ್ನು ಆಗ ಬಿಡಿಸಿ ಹೇಳಿದೆ. ಕಾಕಾ ತಮ್ಮ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಂದ್ರ ಇದು ನನ್ನ ಮುಂದ ಅಷ್ಟ ನನ್ನ ಹೊಗಳತಿತ್ತು?"

"ಹೌದ್ರಿ ಕಾಕಾ."

"ಇಂಥಾ ಮಂದಿ ಊರಾಗ ಬಾಳ ಅದಾರ. ಫೋನೂ ಹಂಗ ಅಂತ ಗೊತ್ತಿರಲಿಲ್ಲ ನೋಡ್ರಿ."

೩. ಅಣ್ಣನ ಕೆಳಗೆ

ಲಗ್ನಕ್ಕೆ ಮೂರು ತಿಂಗಳಿತ್ತು. ಆವತ್ತಿನಿಂದ ಕಾಕಾ ವಾರಕ್ಕೆರಡು ಸಲ ಬಂದು ಬೆಂಚಿನ ಮೇಲೆ ಕೂರತೊಡಗಿದರು. ರಿಪೇರಿಗೆ ಬಿಟ್ಟ ಮೋಟಾರಿನ ಪಕ್ಕದಲ್ಲಿ ಮಾಲೀಕ ಕೂತಂತೆ. ನನ್ನ ಉಳಿದ ಗಿರಾಕಿಗಳ ಕಥೆಗಳೆಲ್ಲ ಅವರ ಕಿವಿಗೆ ಬಿದ್ದದ್ದು ಹೀಗೆ.

ಅಥಣಿಯ ಒಬ್ಬ ಒಣದ್ರಾಕ್ಷಿ ವ್ಯಾಪಾರಿ ಬಂದರು. ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಜೈನ ಮನೆತನ. ಅಣ್ಣನದೂ ತಮ್ಮನದೂ ಒಂದಕ್ಕೊಂದು ಹತ್ತಿದ ಅಂಗಡಿ, ಒಂದೇ ಮಾಲು. ಬಂದವರು ತಮ್ಮ.

"ನನ್ನ ಮ್ಯಾಲ ತರ್ರಿ. ಆದ್ರ ಅಣ್ಣನ ಕೆಳಗ."

"ನಿಮ್ಮಣ್ಣಾರ ವೆಬ್‌ಸೈಟ್ ಯಾವುದ್ರಿ?"

"ಅಂವಂದಿಲ್ಲ."

"ಮತ್ತ ಇಲ್ಲದವರ ಕೆಳಗ ಹೆಂಗ ತರೋದ್ರಿ?"

ತಮ್ಮ ವಿಚಾರ ಮಾಡಿ, "ಹಂಗಾರ ಮೊದಲ ಅಣ್ಣಗೊಂದ ಮಾಡ್ರಿ" ಅಂದರು.

ಮಾಡಿದೆ. ತಮ್ಮನ ವೆಬ್‌ಸೈಟಿನಲ್ಲಿ ದ್ರಾಕ್ಷಿ ತೋಟ, ಒಣಗಿಸುವ ಶೆಡ್ಡು, ಯಾವ ದ್ರಾಕ್ಷಿ ಯಾವುದಕ್ಕೆ ಒಳ್ಳೆಯದು ಎಂಬ ಬರಹ ಎಲ್ಲ ಇತ್ತು. ಅಣ್ಣನನ್ನು ಏನಾದರೂ ಕೊಡಿ ಎಂದರೆ ಹಾರ ಹಾಕಿದ ತಂದೆಯವರ ಒಂದು ಫೋಟೋ ಕೊಟ್ಟು, ಇಷ್ಟು ಸಾಕು ಎಂದರು. ಎರಡು ವಾರದಲ್ಲಿ ತಮ್ಮ ಮೊದಲ ಪುಟಕ್ಕೆ ಬಂದರು. ಅಣ್ಣ ಎಲ್ಲಿದ್ದಾರೆಂದು ಹುಡುಕುತ್ತಾ ಹೋಗಿ ಒಂಬತ್ತನೇ ಪುಟಕ್ಕೆ ನಾನು ಕೈ ಬಿಟ್ಟೆ.

ತಮ್ಮ ಓಡಿ ಬಂದರು. "ಎರಡ ದಿನ ಆತ್ರಿ, ಅಣ್ಣನ ಅಂಗಡಿ ಮುಂದ ಹಾಯ್ದಿಲ್ಲ. ಹಿಂದಿನ ಓಣ್ಯಾಗಿಂದ ಹೋಗಿ ಬರಾಕತ್ತೇನಿ. ನನ್ನ ಕೆಳಗ ಇಳಸ್ರಿ."

"ಅಣ್ಣಾರ ಬಯ್ದ್ರೇನ್ರಿ?"

"ಅಂವಾ ನೋಡೇ ಇಲ್ರಿ. ಅಂವಂದ ಗುಂಡಿ ಫೋನ್."

ಗಿರಾಕಿ ಹೇಳಿದ ಮೇಲೆ ಮಾಡಲೇಬೇಕು. ಚಂದದ ಫೋಟೋ ತೆಗೆದೆ, ಬರಹ ತೆಗೆದೆ, ಹುಡುಕುವವರಿಗೆ ತೋರಿಸಬೇಡ ಎಂದು ಒಳಗೆ ಒಂದು ಸಾಲು ಬರೆದೆ. ವಾರದೊಳಗೆ ತಮ್ಮ ಮಾಯ. ನಾನು ಈ ಧಂದೆಯಲ್ಲಿ ಹೇಳಿದ ಹೊತ್ತಿಗೆ ಮುಗಿಸಿಕೊಟ್ಟ ಕೆಲಸ ಅದೊಂದೇ.

ಬೆಂಚಿನ ಮೇಲೆ ಕುಳಿತಿದ್ದ ಕಾಕಾ ನಕ್ಕು ನಕ್ಕು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ಇಳಸೋದು ಇಷ್ಟ ಸಲೀಸೇನ್ರಿ?" ಎಂದು ಕೇಳಿದರು. ಹೌದೆಂದೆ. ಅವರು ಅದನ್ನು ನೆನಪಿಟ್ಟುಕೊಂಡರೆಂದು ನನಗೆ ಆಗ ತಿಳಿಯಲಿಲ್ಲ.

೪. ಟವೆಲ್ಲಿನ ಒಳಗೆ

ರಾಯಬಾಗ ಕಡೆಯ ಎಮ್ಮೆ ದಲಾಲರೊಬ್ಬರು ಬಂದದ್ದು ಅದರ ಮರುವಾರ. ದನದ ಸಂತೆಯಲ್ಲಿ ಮೂವತ್ತು ವರ್ಷ ಕಳೆದವರು. ಎಮ್ಮೆಯ ಕೋಡು, ಕೆಚ್ಚಲು, ಸುಳಿ, ಎಷ್ಟನೇ ಸೂಲು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆಸಿದರು. ನಾನು ಕೊನೆಗೆ ಕೇಳಿದೆ, "ರೇಟ್ ಎಷ್ಟ ಹಾಕೋಣ್ರಿ?"

ಅವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. "ರೇಟ್ ಬಾಯಿಲೆ ಹೇಳೋದಲ್ರಿ."

ಸಂತೆಯಲ್ಲಿ ಎಮ್ಮೆ ವ್ಯಾಪಾರ ನೋಡಿದವರಿಗೆ ಗೊತ್ತು. ಕೊಳ್ಳುವವನೂ ದಲಾಲನೂ ಕೈ ಹಿಡಿದು ಮೇಲೆ ಟವೆಲ್ ಹೊದಿಸುತ್ತಾರೆ. ಒಳಗೆ ಯಾವ ಬೆರಳು ಒತ್ತಿದರು ಎಂಬುದರ ಮೇಲೆ ದರ. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಮಾತ್ರ ಕಾಣುತ್ತದೆ.

"ಆದ್ರ ಹುಡುಕಾವ್ರು ಎಮ್ಮಿ ದರ ಎಷ್ಟು ಅಂತಾನ ಹುಡುಕ್ತಾರ್ರಿ. ದರ ಇಲ್ಲಂದ್ರ ನೀವು ಮ್ಯಾಲ ಬರಾಂಗಿಲ್ಲ."

"ಊರ ಮಂದಿ ಮುಂದ ದರ ಒದರಿ ಮ್ಯಾಲ ಬರೋದಕ್ಕಿಂತ ಕೆಳಗ ಇರೋದ ಚಲೋ."

ಒಂದು ತಾಸು ವಾದ ಮಾಡಿದೆವು. ಕೊನೆಗೆ ಕಾಕಾ ಬೆಂಚಿನಿಂದಲೇ ಒಂದು ದಾರಿ ಹೇಳಿದರು: "ಅಲ್ಲೂ ಒಂದ ಟವೆಲ್ ಹೊಚ್ಚರಿ." ಹಾಗೇ ಮಾಡಿದೆ. ಪ್ರತಿ ಎಮ್ಮೆಯ ಕೆಳಗೆ ಕೆಂಪು ಅಂಚಿನ ಟವೆಲ್ಲಿನ ಒಂದು ಚಿತ್ರ. ಅದರ ಮೇಲೆ 'ದರಕ್ಕಾಗಿ ಇಲ್ಲಿ ಒತ್ತಿರಿ'. ಒತ್ತಿದರೆ ದರ ಬರುವುದಿಲ್ಲ, ದಲಾಲರಿಗೆ ಫೋನು ಹೋಗುತ್ತದೆ. ಎಂಥ ಮಂದಿಯೋ, ಎಮ್ಮೆ ಬೇಕಿಲ್ಲದವರೂ ಟವೆಲ್ಲಿನ ಒಳಗೆ ಏನಿದೆ ನೋಡೋಣ ಎಂದು ಒತ್ತಿದರು. ವೆಬ್‌ಸೈಟು ಸರಸರ ಮೇಲೆ ಬಂತು.

ಈಗ ದಲಾಲರು ವಾರಕ್ಕೊಮ್ಮೆ ಫೋನ್ ಮಾಡಿ, ಪಕ್ಕದಲ್ಲಿ ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿ ವಿಚಾರಿಸುತ್ತಾರೆ. "ಈ ವಾರ ಎಷ್ಟ ಮಂದಿ ಕೈ ಹಾಕ್ಯಾರ್ರಿ?"

೫. ಬಯ್ಸಿಕೊಳ್ಳಲು ಬಂದವರು

ನಿಪ್ಪಾಣಿಯಲ್ಲಿ ಊರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆದವರೊಬ್ಬರು ಖಾನಾವಳಿ ನಡೆಸುತ್ತಾರೆ. ಅವರಿಗೆ ನಾನು ಕೊಟ್ಟ ಸಲಹೆ ಒಂದೇ: "ಉಂಡವರ ಕಡಿಂದ ನೆಟ್‌ನ್ಯಾಗ ಎರಡ ಚಲೋ ಮಾತ ಬರಸ್ರಿ, ಯಾರರ ಏನರ ಬರದ್ರ ನೀವೂ ಉತ್ತರಾ ಬರೀರಿ." ನಯವಾದ ಉತ್ತರ ಎಂದು ಸೇರಿಸಲು ಮರೆತದ್ದು ನನ್ನ ತಪ್ಪು.

ಒಬ್ಬ ಗಿರಾಕಿ ಐದರಲ್ಲಿ ಮೂರು ಚುಕ್ಕಿ ಕೊಟ್ಟು, ಝುಣಕ ಸ್ವಲ್ಪ ಖಾರ ಎಂದು ಬರೆದ. ಮಾವಶಿ ಬರೆದರು: "ಖಾರ ಇತ್ತಂದ್ರ ಮೂರ ಸಲ ಯಾಕ ಹಾಕಿಸ್ಕೊಂಡಿ? ಕಿಡಿಕಿ ಬಾಜೂಕ ಕುಂತಾವ ನೀನ ಅಲ್ಲೇನ? ನೀಲಿ ಅಂಗಿ." ಇನ್ನೊಬ್ಬರು ರೊಟ್ಟಿ ಬರುವುದು ತಡ ಎಂದರು. "ಬಿಸಿ ರೊಟ್ಟಿ ಬೇಕಂದ್ರ ಹಂಚು ಕಾಯಬೇಕು. ಅವಸರಿದ್ರ ಬಿಸ್ಕೀಟ್ ತಿನ್ನು."

ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಆದರೆ ಮಂದಿಗೆ ಅದೇ ಹಿಡಿಸಿತು. ಮಾವಶಿಯ ಉತ್ತರಗಳನ್ನು ಓದಲೆಂದೇ ಹುಡುಕತೊಡಗಿದರು, ಮಾವಶಿ ಊರಲ್ಲಿ ಎಲ್ಲರಿಗಿಂತ ಮೇಲೆ ಬಂದರು. ಮೊನ್ನೆ ಕೊಲ್ಹಾಪುರ ಕಡೆಯಿಂದ ಒಂದು ಸಂಸಾರ ಬಂದು ಚೆನ್ನಾಗಿ ಉಂಡು, ಕೈ ತೊಳೆದು, ಮಾವಶಿಯ ಮುಂದೆ ನಿಂತಿತಂತೆ. ಏನು ಬೇಕಿತ್ತು ಎಂದರೆ, "ಊಟ ಭಾಳ ಚಲೋ ಆತ್ರಿ. ಆದ್ರ ನೀವು ಇನ್ನೂ ಏನೂ ಅನ್ನಲಿಲ್ಲ."

೬. ಆಹೇರ

ಎಲ್ಲರೂ ಏನೇನೋ ದಾರಿಯಲ್ಲಿ ಮೇಲೆ ಬಂದರು. ನಾನು ನ್ಯಾಯವಾಗಿ ದುಡಿದದ್ದು ಕಾಕಾರ ಬೆಲ್ಲಕ್ಕೆ ಮಾತ್ರ. ಶಿರಗುಪ್ಪಿಗೆ ಹೋಗಿ ಗಾಣದ ಮುಂದೆ ಕುಳಿತೆ. ಕಬ್ಬಿನ ಹಾಲು ಕುದಿಯುವುದು, ಬುರುಗು ತೆಗೆಯುವುದು, ಪಾಕ ಹದಕ್ಕೆ ಬಂದಿದೆಯೋ ಎಂದು ಕಾಕಾ ನೀರಿನಲ್ಲಿ ಬಿಟ್ಟು ಬೆರಳಲ್ಲಿ ಹಿಡಿದು ನೋಡುವುದು, ಎಲ್ಲದರ ಫೋಟೋ ತೆಗೆದು ಬರೆದೆ. ಎರಡು ತಿಂಗಳಲ್ಲಿ ನಾಲ್ಕನೇ ಪುಟದಿಂದ ಎರಡನೇ ಪುಟಕ್ಕೆ ತಂದೆ. ನನ್ನ ಲೆಕ್ಕದಲ್ಲಿ ಅದು ದೊಡ್ಡ ಕೆಲಸ.

"ಎರಡನೇ ಪುಟ ಅಂದ್ರ ಎರಡನೇ ಪಂಕ್ತಿ," ಅಂದರು ಕಾಕಾ. "ಎರಡನೇ ಪಂಕ್ತ್ಯಾಗ ಹುಗ್ಗಿ ಉಳಿದಿರತೈತೇನ್ರಿ?"

ಮೊದಲ ಪಂಕ್ತಿಯಲ್ಲಿ ಕುಳಿತವರೆಲ್ಲ ಬೆಲ್ಲವನ್ನು ಡಬ್ಬಿಗೆ ತುಂಬಿ ಮಾರುವ ದೊಡ್ಡ ಊರಿನ ವ್ಯಾಪಾರಿಗಳು. ಅವರಲ್ಲಿ ಒಬ್ಬನೂ ಕಬ್ಬಿನ ಗರಿಗೆ ಕೈ ಕೊಯ್ಸಿಕೊಂಡವನಲ್ಲ. ಅವರನ್ನು ಎಬ್ಬಿಸಲು ನನ್ನಿಂದ ಆಗಲಿಲ್ಲ, ಅದನ್ನು ಹೇಳಿಯೂಬಿಟ್ಟೆ. ಕಾಕಾ ಆ ದಿನ ಚಹಾ ಬರುವ ಮೊದಲೇ ಎದ್ದು ಹೋದರು. ಅವರಿಲ್ಲದ ಬೆಂಚನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಮೂರು ದಿನ ಬಿಟ್ಟು ಬಂದವರು ಲಗ್ನಪತ್ರಿಕೆ ಬರೆಸಲು ಕುಳಿತರು. ದೇವರು, ಹಿರಿಯರು, ವಧು ವರ, ಕಾಕಾಗಳು ಮಾಮಾಗಳು ಎಲ್ಲ ಸರದಿಯಂತೆ ಮುಗಿಯಿತು. ಕೆಳಗೆ ಎಲ್ಲರೂ ಬರೆಸುವ ಸಾಲು ಉಳಿದಿತ್ತು. ಆಹೇರ, ಅಂದರೆ ಮದುವೆಯ ಉಡುಗೊರೆ, ತರಬಾರದು ಎಂಬ ಸಾಲು.

"ಅದರ ಮುಂದ ಬರ್ಕೋರಿ," ಅಂದು ಕಾಕಾ ಕಣ್ಣು ಮುಚ್ಚಿ ಹೇಳಿದರು, ನಾನು ಬರೆದುಕೊಂಡೆ:

'ಆಹೇರ ತರಬಾರದಾಗಿ ವಿನಂತಿ. ಅದರ ಬದಲು ತಮ್ಮ ತಮ್ಮ ಫೋನಿನಲ್ಲಿ ಶಿರಗುಪ್ಪಿ ಬೆಲ್ಲ ಎಂದು ಹುಡುಕಿ, ನಮ್ಮ ಹೆಸರು ಸಿಗುವವರೆಗೆ ಬೇಸರಿಸದೆ ಕೆಳಗೆ ಹೋಗಿ, ಒತ್ತಿ, ಪೂರಾ ಓದಿ ಆಶೀರ್ವದಿಸಬೇಕು.'

"ಕಾಕಾ, ಹಿಂಗ ಮಂದಿ ಕೂಡಿಸಿ ಒತ್ತಿಸೋದು ನಮ್ಮ ಧಂದ್ಯಾಗ ಸರಿ ಅಲ್ರಿ. ಒಮ್ಮೆಲೆ ಇಷ್ಟ ಮಂದಿ ಒತ್ತಿದ್ರ ಆ ಮಶೀನಿಗೆ ಸಂಶೇ ಬರತೈತಿ."

"ಬರಲಿ. ಶಿರಗುಪ್ಪ್ಯಾಗ ಲಗ್ನ ಐತಿ ಅಂತ ಅದಕ್ಕೂ ಗೊತ್ತಾಗಲಿ."

ಅಚ್ಚು ಹಾಕಿದೆ. ಯಾವಾಗಿನಂತೆ ತೀರ ಕೆಳಗಿನ ಅಂಚಿನಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣಗೆ, ನನ್ನ ಪ್ರೆಸ್ಸಿನ ಹೆಸರು ಹಾಕಿದೆ. ಹಾಗೆಯೇ ನಾನು ಮಾಡಿದ ಎಲ್ಲ ಪತ್ರಿಕೆಗಳಂತೆ ಇದರದೂ ಒಂದು ಚಿತ್ರವನ್ನು ಮಾದರಿಗೆಂದು ನನ್ನ ವೆಬ್‌ಸೈಟಿನಲ್ಲಿ ಏರಿಸಿಟ್ಟೆ.

೭. ಪ್ರೆಸ್ಸಿನವರ ಜಾಗ

ಪತ್ರಿಕೆ ಹಂಚಿದ ವಾರದಲ್ಲಿ ಊರೂರಿನ ಮೊಬೈಲ್ ಗ್ರೂಪುಗಳಲ್ಲಿ ಅದರದೇ ಮಾತು. ಕಾಗವಾಡದವರು ಅಥಣಿಗೆ ಕಳಿಸಿದರು, ಅಥಣಿಯವರು ಮೀರಜಿಗೆ, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಇದು ನಿಜವೇ ಎಂದು ಎಲ್ಲರೂ ಹುಡುಕಿದರು, ಹುಡುಕಿದವರು ಒತ್ತಿದರು, ಒತ್ತಿದವರು ಗಾಣದ ಫೋಟೋ ನೋಡುತ್ತಾ ಅಲ್ಲೇ ಉಳಿದರು. ಬೆಂಗಳೂರಿನ ಯಾರೋ ತಮ್ಮ ವೆಬ್‌ಸೈಟಿನಲ್ಲಿ ಈ ಪತ್ರಿಕೆಯ ಬಗ್ಗೆ ಬರೆದರು. ಅವರನ್ನು ನೋಡಿ ನಾಲ್ಕು ಮಂದಿ ಬರೆದರು. ಡಬ್ಬಿ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕೆಳಗೆ ಸರಿದರು.

ಲಗ್ನಕ್ಕೆ ಹತ್ತು ದಿನವಿದೆ ಎನ್ನುವಾಗ ಬೆಳಿಗ್ಗೆ ಅಂಗಡಿ ತೆಗೆದು ಶಿರಗುಪ್ಪಿ ಬೆಲ್ಲ ಎಂದು ಹುಡುಕಿದೆ. ಕಾಕಾ ಎರಡನೆಯವರು. ಎರಡನೇ ಪುಟವಲ್ಲ, ಎರಡನೇ ಸಾಲು.

ಮೊದಲನೇ ಸಾಲು ನನ್ನದು.

ಪತ್ರಿಕೆಯ ಬಗ್ಗೆ ಬರೆದವರೆಲ್ಲ ನನ್ನ ವೆಬ್‌ಸೈಟಿನಲ್ಲಿದ್ದ ಮಾದರಿ ಚಿತ್ರಕ್ಕೇ ದಾರಿ ತೋರಿಸಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಅಂಗಡಿಯ ಹೆಸರು ಎಲ್ಲರಿಗಿಂತ ಮೇಲಿತ್ತು, ಅದೂ ನಾನು ಒಂದು ಕಡ್ಡಿ ಕೂಡ ಅಲುಗಿಸದೆ. ಕುರ್ಚಿಯ ಮೇಲೆ ಕುಳಿತು ಅದನ್ನೇ ನೋಡಿದೆ. ಹೆಂಡತಿ ಅಥಣಿ ತಾಲೂಕಿನ ಅನಂತಪುರಕ್ಕೆ, ತವರಿಗೆ ಹೋಗಿದ್ದಳು. ಫೋನಿನಲ್ಲಿ ಹೇಳಿದರೆ ಮಜಾ ಇಲ್ಲ, ಬಂದ ಮೇಲೆ ಅಂಗಡಿಗೆ ಕರೆದುಕೊಂಡು ಬಂದು ದೊಡ್ಡ ಪರದೆಯ ಮೇಲೆ ತೋರಿಸಬೇಕು, ಆಮೇಲೆ ಏನೂ ಮಾತಾಡದೆ ಚಹಾ ಕುಡಿಯಬೇಕು ಎಂದು ಬಾಯಿ ಬಿಗಿಹಿಡಿದೆ. ನಾಲ್ಕು ದಿನ ಅಷ್ಟು ಸುಖವಾಗಿದ್ದೆ.

ಅವಳು ಬರುವ ಹಿಂದಿನ ದಿನ ಕಾಕಾ ಬಂದರು. ಬೆಂಚಿನ ಮೇಲೆ ಕೂರಲಿಲ್ಲ, ನಿಂತೇ ಇದ್ದರು. ಟೊಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ನಿಮ್ಮ ಉಪಕಾರ ಬಾಳ ಐತಿ ಪ್ರೆಸ್ಸಿನವರ. ಈ ಮಾತ ಕೇಳಬಾರದು. ಕೇಳ್ತೇನಿ."

"ಕೇಳ್ರಿ ಕಾಕಾ."

"ಲಗ್ನಪತ್ರಿಕ್ಯಾಗ ಪ್ರೆಸ್ಸಿನವರ ಹೆಸರ ಎಲ್ಲಿರತೈತ್ರಿ?"

ನನಗೆ ಹೊಳೆಯಿತು. ಹೊಳೆದರೂ ಉತ್ತರ ಒಂದೇ ಇತ್ತು. "ಕೆಳಗ್ರಿ."

"ಅಥಣಿ ತಮ್ಮಗ ಮಾಡಿದ್ರಲ್ಲ," ಅಂದರು ಕಾಕಾ, ನನ್ನ ಮುಖ ನೋಡದೆ. "ಸಲೀಸ ಅಂದಿದ್ರಿ."

ಸಲೀಸೇ. ಒಂದು ಸಾಲು ಬರೆಯುವ ಕೆಲಸ. ಊರ ಮಂದಿಯ ಹೆಸರುಗಳನ್ನು ಸರದಿಯಂತೆ ಕೂರಿಸಿ ಇಷ್ಟು ವರ್ಷ ಬಾಳಿದವನು ನಾನು. ವಧುವಿನ ಅಪ್ಪನ ಮೇಲೆ ಪ್ರೆಸ್ಸಿನವನು ಕೂರುವ ಪತ್ರಿಕೆಯನ್ನು ಯಾರಾದರೂ ತಂದಿದ್ದರೆ ನಾನೇ ತಿದ್ದುತ್ತಿದ್ದೆ. ಕಾಕಾ ನಿಂತಿರುವಾಗಲೇ ಬರೆದೆ, ಮಾದರಿ ಚಿತ್ರವನ್ನೂ ತೆಗೆದೆ. ಬರೆದಾದ ಮೇಲೆ ಆ ಮೊದಲನೇ ಸಾಲನ್ನು ಇನ್ನೊಮ್ಮೆ ಹುಡುಕಿ ನೋಡಿಕೊಂಡೆ, ಸುಳ್ಳು ಯಾಕೆ ಹೇಳಲಿ. ಹೆಂಡತಿ ಊರಿಂದ ಬರುವ ಹೊತ್ತಿಗೆ ನಾನು ಪಟ್ಟಿಯಲ್ಲಿರಲಿಲ್ಲ.

ಲಗ್ನದ ದಿನ ನಾವಿಬ್ಬರೂ ಶಿರಗುಪ್ಪಿಗೆ ಹೋದೆವು. ಮಾಂಡವದ ತುಂಬ ಮಂದಿ. ಕಾಕಾರ ಪತ್ರಿಕೆಯ ಮಾತನ್ನು ಯಾರೂ ಮೀರಿರಲಿಲ್ಲ. ಒಂದು ಕೈಯಲ್ಲಿ ಅಕ್ಕಿಕಾಳು, ಇನ್ನೊಂದು ಕೈಯಲ್ಲಿ ಫೋನು. ಎಲ್ಲರೂ ಒಮ್ಮೆಗೇ ಹುಡುಕಿದ್ದರಿಂದ ಊರಿನ ಟಾವರು ಉಸಿರು ಬಿಟ್ಟಿತು. ಯಾರ ಫೋನಿನಲ್ಲಿ ನೋಡಿದರೂ ಗೋಲ ಚಕ್ರ ತಿರುಗುತ್ತಿತ್ತು. ಭಟ್ಟರು ಮಂಗಲಾಷ್ಟಕ ಹೇಳಿದರು, ಅಕ್ಕಿಕಾಳು ಬಿದ್ದವು, ಅರ್ಧ ವಧುವರರ ಮೇಲೆ, ಅರ್ಧ ಫೋನುಗಳ ಮೇಲೆ.

ಹಾರ ಹಾಕಿ ಮುಗಿದ ಮೇಲೆ ಭೋಜದ ಬೀಗರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಾಕಾ ಅವರ ಪಕ್ಕದಲ್ಲಿ ನಿಂತು ಮಾಂಡವದ ಕಂಬವನ್ನು ಹಿಡಿದುಕೊಂಡಿದ್ದರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಬೀಗರು ಫೋನು ಒತ್ತಿದರು. ಚಕ್ರ ತಿರುಗಿತು. ಬೀಗಿತ್ತಿ ಮರಾಠಿಯಲ್ಲಿ ಏನೋ ಅಂದರು, ಬೀಗರು ಕೈ ಎತ್ತಿ ಸುಮ್ಮನಾಗಿಸಿದರು. ಇನ್ನೂ ತಿರುಗಿತು. ಹಿಂದಿನ ಸಲದ ಚಹಾ ನೆನಪಾಯಿತೋ ಏನೋ, ಕಾಕಾ ಕಣ್ಣು ಮುಚ್ಚಿದರು.

"ಬೀಗರ," ಅಂದರು ಭೋಜದವರು. "ಕೆಳಗ ಹೋಗೋದ ಬೇಕಾಗಲಿಲ್ಲ. ಮೊದಲನೇದ ಐತಿ."

ಆಮೇಲೆ ಅವರು ಅದನ್ನು ತಮ್ಮ ಅಣ್ಣತಮ್ಮಂದಿರಿಗೆಲ್ಲ ತೋರಿಸುತ್ತಾ ಹೋದರು, ತಮ್ಮದೇ ಬೆಲ್ಲ ಎಂಬಂತೆ. ಕಾಕಾ ಕಂಬ ಬಿಡಲಿಲ್ಲ. ಕಣ್ಣೀರು ಒರೆಸಿಕೊಳ್ಳಲು ಧೋತರದ ಚುಂಗೂ ಸಿಗಲಿಲ್ಲ, ಅದನ್ನು ಲಗ್ನಕ್ಕೆಂದು ಬಿಗಿಯಾಗಿ ಕಟ್ಟಿದ್ದರು. ಮಗಳು ಹಾರದ ಒಳಗಿನಿಂದಲೇ ಅಪ್ಪನನ್ನು ನೋಡಿ ನಕ್ಕಳು.

ಊಟಕ್ಕೆ ಕುಳಿತೆವು. ನಮ್ಮನ್ನು ಕಾಕಾ ತಾವೇ ಕೈ ಹಿಡಿದು ಮೊದಲನೇ ಪಂಕ್ತಿಯಲ್ಲಿ ಕೂರಿಸಿದ್ದರು. ಹುಗ್ಗಿ ಬರುವ ಮೊದಲು ನನ್ನ ಹೆಂಡತಿಯೂ ಫೋನು ತೆಗೆದಳು. ಆಹೇರ ಮುಟ್ಟಿಸದೆ ಉಣ್ಣುವ ಹೆಂಗಸಲ್ಲ ಅವಳು. ಕಾಕಾರದನ್ನು ಒತ್ತಿ ಪೂರಾ ಓದಿದಳು. ಆಮೇಲೆ ಅಭ್ಯಾಸಬಲ, ನಮ್ಮದನ್ನು ಹುಡುಕಿದಳು. ಬೆರಳಿನಿಂದ ಕೆಳಗೆ ಸರಿಸಿದಳು. ಮತ್ತೂ ಸರಿಸಿದಳು.

"ನಮ್ಮದ ಎಲ್ಲಿ ಐತ್ರಿ?"

"ಹೋದ ವಾರತನಕ ಎಲ್ಲಾರಕಿಂತ ಮ್ಯಾಲ ಇತ್ತು," ಅಂದೆ. "ನಾನ ಕೆಳಗ ಇಳಿಸಿದೆ."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಗಲಿಲ್ಲ. ಫೋನನ್ನು ಮುಖ ಕೆಳಗಾಗಿ ಇಟ್ಟು, ನನ್ನ ಎಲೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿಸಿ, ಮೆಲ್ಲಗೆ ಅಂದಳು:

"ಆತು ಬಿಡ್ರಿ, ಎಲ್ಲೋ ಕೆಳಗ ಇರತೈತಿ."